ಅಶ್ಮರಿ ವ್ಯಾಧಿಯೂ ಶ್ರಾವಕನ ಉಪವಾಸವೂ

ಜಿನವಾಣಿಯ ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಕ್ಕೆ ಪ್ರಾಣಾವಾಯವೆಂದು ಹೆಸರು. ಅದರ ವಿಷಯ ಆಯುರ್ವೇದ. ರಾಷ್ಟ್ರಕೂಟರ ಕಾಲದಲ್ಲಿದ್ದ ಉಗ್ರಾದಿತ್ಯಾಚಾರ್ಯರು ಆ ಪರಂಪರೆಯನ್ನು ಅನುಸರಿಸಿ, ಮಾಂಸದ ಸೋಂಕಿಲ್ಲದ ಚಿಕಿತ್ಸೆಯನ್ನು ಬೋಧಿಸುವ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದರು. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ದೇಹವು ಪರದ್ರವ್ಯವೆಂಬ ಅರಿವಿದ್ದ ಆಚಾರ್ಯರೇ ದೇಹದ ವ್ಯಾಧಿಗಳನ್ನು ಉಪೇಕ್ಷಿಸಲಿಲ್ಲವೆಂಬುದನ್ನು ವ್ರತಿಗಳು ನೆನಪಿನಲ್ಲಿಡಬೇಕು.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ, ಆಷ್ಟಾಹ್ನಿಕದಲ್ಲಿ, ಅಷ್ಟಮಿ ಚತುರ್ದಶಿಗಳಲ್ಲಿ ಶ್ರಾವಕ ಶ್ರಾವಿಕೆಯರು ನೀರನ್ನೂ ತ್ಯಜಿಸಿ ಉಪವಾಸ ಮಾಡುವುದುಂಟು. ಹಾಗೆ ಕುಳಿತವರಲ್ಲಿ ಒಬ್ಬರಿಗೆ ನಡುರಾತ್ರಿ ಬೆನ್ನಿನ ಒಂದು ಪಾರ್ಶ್ವದಲ್ಲಿ ಅಸಹ್ಯವಾದ ಶೂಲೆ ಹುಟ್ಟಿ ತೊಡೆಯ ಸಂದಿಗೆ ಇಳಿಯುತ್ತದೆ. ವ್ರತಭಂಗವಾದೀತೆಂಬ ಭೀತಿಯಿಂದ ಅವರು ಬಾಯಿ ಬಿಡುವುದಿಲ್ಲ. ಮನೆಯವರು ಅದನ್ನು ವಾಯುವೆಂದೋ, ಹಸಿವಿನ ಸಂಕಟವೆಂದೋ ತಿಳಿಯುತ್ತಾರೆ. ಅದು ಮೂತ್ರಪಿಂಡದ ಕಲ್ಲಿನ ನೋವಾಗಿರುವ ಸಂಭವವುಂಟು. ಸಂಸ್ಕೃತ ವೈದ್ಯಗ್ರಂಥಗಳು ಈ ವ್ಯಾಧಿಯನ್ನು ಅಶ್ಮರಿ ಎಂದು ಕರೆದಿವೆ. ಸುಶ್ರುತ ಸಂಹಿತೆಯು ಇದರ ನಾಲ್ಕು ಭೇದಗಳನ್ನೂ ಶಸ್ತ್ರಚಿಕಿತ್ಸೆಯನ್ನೂ ವಿವರಿಸಿದೆ. ಈ ಕಲ್ಲು ಹುಟ್ಟುವುದು ಹೇಗೆ, ದೇಹಕ್ಕೆ ಅದರಿಂದಾಗುವ ಕೇಡೇನು, ವ್ರತಕ್ಕೂ ಇದಕ್ಕೂ ಸಂಬಂಧವೇನು ಎಂಬುದನ್ನು ತಿಳಿದವನು ವ್ರತವನ್ನೂ ಉಳಿಸಿಕೊಳ್ಳಬಲ್ಲನು, ದೇಹವನ್ನೂ ಉಳಿಸಿಕೊಳ್ಳಬಲ್ಲನು.

ಮೂತ್ರಪಿಂಡಗಳ ಕಾರ್ಯ

ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಕೆಳಪಕ್ಕೆಲುಬುಗಳ ಮರೆಯಲ್ಲಿ, ಅವರೆಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ದೇಹಕ್ಕೆ ಬೇಕಾದ ನೀರು, ಲವಣ, ಸಕ್ಕರೆಗಳನ್ನು ಮರಳಿ ರಕ್ತಕ್ಕೆ ಕೊಟ್ಟು, ಬೇಡವಾದುದನ್ನು ಒಂದೆರಡು ಲೀಟರು ಮೂತ್ರವಾಗಿ ಹೊರಗೆ ಕಳುಹಿಸುತ್ತವೆ. ಆ ಮೂತ್ರವು 25ರಿಂದ 30 ಸೆಂಟಿಮೀಟರು ಉದ್ದದ, ಮೂರು ನಾಲ್ಕು ಮಿಲಿಮೀಟರು ಮಾತ್ರ ಒಳಬಾಯಿಯುಳ್ಳ ಮೂತ್ರನಾಳದಲ್ಲಿ ಇಳಿದು ಮೂತ್ರಕೋಶವನ್ನು ಸೇರುತ್ತದೆ.

ಕುಡಿಯುವ ನೀರು ಕಡಿಮೆಯಾದಾಗ ಮೂತ್ರಪಿಂಡಗಳು ನೀರನ್ನು ಉಳಿಸುತ್ತವೆ. ಆದರೆ ಹೊರಹಾಕಬೇಕಾದ ಲವಣಗಳ ಭಾರ ಅಷ್ಟಾಗಿ ಇಳಿಯುವುದಿಲ್ಲ. ಹೆಚ್ಚು ಲವಣವು ಸ್ವಲ್ಪ ನೀರಿನಲ್ಲಿ ಕರಗಿ ಹೋಗಬೇಕಾಗುತ್ತದೆ. ಬೆಳಗಿನ ಮೊದಲ ಮೂತ್ರ ಕಡುಹಳದಿಯಾಗಿರಲು ಇದೇ ಕಾರಣ.

ಕಲ್ಲು ಹುಟ್ಟುವ ಬಗೆ

ಅನ್ನದಲ್ಲಿ ಸಿಕ್ಕಿದ ಮರಳುಕಲ್ಲು, ನುಂಗಿದ ಟೊಮ್ಯಾಟೊ ಬೀಜ ಒಳಗೆ ಸೇರಿ ಕಲ್ಲಾಗುತ್ತದೆಂಬ ನಂಬಿಕೆ ಜನರಲ್ಲಿದೆ. ಅದು ಸರಿಯಲ್ಲ. ನುಂಗಿದ ಕಲ್ಲು ಅನ್ನನಾಳದ ದಾರಿಯಲ್ಲಿಯೇ ಹೊರಗೆ ಹೋಗುತ್ತದೆ. ಅದಕ್ಕೂ ಮೂತ್ರದ ದಾರಿಗೂ ನೇರ ಸಂಬಂಧವಿಲ್ಲ. ಮೂತ್ರಪಿಂಡದ ಕಲ್ಲು ಮೂತ್ರದಲ್ಲಿ ಕರಗಿರುವ ಲವಣಗಳಿಂದ ಹರಳುಗಟ್ಟಿ ಅಲ್ಲಿಯೇ ಹುಟ್ಟುವಂಥದು.

ಇದಕ್ಕೆ ಅಡಿಗೆಮನೆಯ ಕಲ್ಲುಸಕ್ಕರೆಯೇ ದೃಷ್ಟಾಂತ. ತಿಳಿನೀರಿನಲ್ಲಿ ಹಾಕಿದ ಸಕ್ಕರೆ ಕರಗಿ ಕಾಣದಾಗುತ್ತದೆ. ನೀರು ಇಂಗುತ್ತ ಪಾಕ ಗಟ್ಟಿಯಾದಂತೆ ಅದು ಇನ್ನು ಕರಗಿರಲಾರದೆ ಹರಳಾಗುತ್ತದೆ. ಅದರಲ್ಲಿ ಇಳಿಬಿಟ್ಟ ದಾರಕ್ಕೆ ಹರಳುಗಳು ಅಂಟಿ ಬೆಳೆಯುತ್ತವೆ. ಮೂತ್ರವೂ ಹಾಗೆಯೇ. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಮಿತಿಮೀರಿ ಸಾಂದ್ರವಾದಾಗ ಒಂದಕ್ಕೊಂದು ಕೂಡಿ ಕಣ್ಣಿಗೆ ಕಾಣದ ಹರಳುಗಳಾಗುತ್ತವೆ. ನೀರು ಯಥೇಷ್ಟವಿದ್ದರೆ ಆ ಹರಳುಗಳು ಹರಿದುಹೋಗುತ್ತವೆ, ಇಲ್ಲವಾದರೆ ನಿಲ್ಲುತ್ತವೆ. ದಾರದ ಸ್ಥಾನದಲ್ಲಿ ನಿಲ್ಲುವುದು ಯಾವುದೆಂಬುದನ್ನು 1937ರಲ್ಲಿ ಅಮೆರಿಕದ ವೈದ್ಯ ಅಲೆಕ್ಸಾಂಡರ್ ರಾಂಡಲ್ ಎತ್ತಿ ತೋರಿಸಿದನು. ಮೂತ್ರಪಿಂಡದ ಒಳತುದಿಗಳಲ್ಲಿ ಕ್ಯಾಲ್ಸಿಯಂ ಸೇರಿದ ಬಿಳಿಯ ಮಚ್ಚೆಗಳಿರುವುದನ್ನೂ, ಅವುಗಳಿಗೆ ಕಲ್ಲು ಅಂಟಿ ಬೆಳೆಯುವುದನ್ನೂ ಅವನು ಕಂಡನು.

ಹರಳು ಕಟ್ಟದಂತೆ ತಡೆಯುವ ಪದಾರ್ಥಗಳೂ ಮೂತ್ರದಲ್ಲಿವೆ. ಅವುಗಳಲ್ಲಿ ಮುಖ್ಯವಾದದ್ದು ಸಿಟ್ರೇಟ್. ಅದು ಕ್ಯಾಲ್ಸಿಯಂ ಅನ್ನು ಹಿಡಿದು ಆಕ್ಸಲೇಟಿಗೆ ದೊರೆಯದಂತೆ ಮಾಡುತ್ತದೆ. ನಿಂಬೆಯ ಜಾತಿಯ ಹಣ್ಣುಗಳಲ್ಲಿ ಇದು ಹೇರಳ.

ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನವು. ಕ್ಯಾಲ್ಸಿಯಂ ಫಾಸ್ಫೇಟಿನವು, ಹುಳಿಗುಣದ ಮೂತ್ರದಲ್ಲಿ ಹುಟ್ಟುವ ಯೂರಿಕ್ ಆಮ್ಲದವು, ಮೂತ್ರಮಾರ್ಗದ ಸೋಂಕಿನಿಂದ ಬೆಳೆಯುವವು, ವಂಶಪಾರಂಪರ್ಯ ದೋಷದಿಂದ ಬರುವ ಸಿಸ್ಟೀನಿನವು ಉಳಿದ ಭೇದಗಳು. ಹೊರಬಿದ್ದ ಕಲ್ಲನ್ನು ಎಸೆಯದೆ ವೈದ್ಯರಿಗೆ ಒಪ್ಪಿಸಬೇಕು. ಅದರ ಜಾತಿ ತಿಳಿದರೆ ಪಥ್ಯವೂ ಖಚಿತವಾಗುತ್ತದೆ.

ದೇಹಕ್ಕಾಗುವ ಬಾಧೆ

ಕಲ್ಲು ಮೂತ್ರಪಿಂಡದೊಳಗೆ ಇರುವವರೆಗೆ ವರ್ಷಗಟ್ಟಲೆ ನೋವಿಲ್ಲದಿರಬಹುದು. ಅದು ಜಾರಿ ಮೂತ್ರನಾಳಕ್ಕೆ ಬಿದ್ದಾಗ ಶೂಲೆ ಆರಂಭವಾಗುತ್ತದೆ. ಆ ನಾಳವು ಮೂರು ಕಡೆ ಇಕ್ಕಟ್ಟಾಗಿದೆ: ಮೂತ್ರಪಿಂಡದಿಂದ ಹೊರಡುವಲ್ಲಿ, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಕೋಶವನ್ನು ಹೊಗುವಲ್ಲಿ. ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಮೇಲಿನಿಂದ ಬರುವ ಮೂತ್ರ ಕಟ್ಟಿಕೊಂಡು ಮೂತ್ರಪಿಂಡವನ್ನು ಹಿಗ್ಗಿಸುತ್ತದೆ. ಆ ಒತ್ತಡವೇ ನೋವಿಗೆ ಮೂಲ. ಅಲೆಅಲೆಯಾಗಿ ಬರುವ ಶೂಲೆ, ಓಕರಿಕೆ, ಬೆವರು, ಮೂತ್ರದಲ್ಲಿ ರಕ್ತ, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು ಇದರ ಲಕ್ಷಣಗಳು.

ಐದು ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿ ಹೊರಬೀಳುತ್ತವೆ. ಹತ್ತು ಮಿಲಿಮೀಟರು ಮೀರಿದವು ಹಾಗೆ ಬೀಳುವುದು ವಿರಳ. 1980ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ, ದೇಹವನ್ನು ಕೊಯ್ಯದೆ ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಕಲ್ಲನ್ನು ಪುಡಿಮಾಡುವ ಚಿಕಿತ್ಸೆಯನ್ನು ಮೊದಲ ಬಾರಿಗೆ ರೋಗಿಯೊಬ್ಬನಿಗೆ ಮಾಡಲಾಯಿತು. ಸಣ್ಣ ನಳಿಕೆಯನ್ನು ಒಳಸೇರಿಸಿ ಲೇಸರ್ ಕಿರಣದಿಂದ ಒಡೆಯುವ ಕ್ರಮವೂ ಇಂದು ಪ್ರಚಲಿತ. ಬಾಳೆದಿಂಡಿನ ರಸ, ಹುರುಳಿಯ ಕಟ್ಟು ಮೊದಲಾದ ಮನೆಮದ್ದುಗಳನ್ನು ನಂಬಿ ದೊಡ್ಡ ಕಲ್ಲನ್ನು ಇಟ್ಟುಕೊಂಡು ಕಾಲ ಕಳೆಯುವುದು ಅಪಾಯಕರ.

ಇಲ್ಲಿ ಒಂದು ಮಾತನ್ನು ಪ್ರತಿ ಮನೆಯವರೂ ತಿಳಿದಿರಬೇಕು. ನೋವು ನಿಂತಿತೆಂದರೆ ಕಲ್ಲು ಹೋಯಿತೆಂದು ಅರ್ಥವಲ್ಲ. ತಡೆಯು ಹಾಗೆಯೇ ಉಳಿದು, ನೋವು ಮಾತ್ರ ಅಡಗಿ, ವಾರಗಟ್ಟಲೆಯಲ್ಲಿ ಆ ಮೂತ್ರಪಿಂಡ ಸದ್ದಿಲ್ಲದೆ ನಾಶವಾಗಬಹುದು. ಶೂಲೆಯೊಡನೆ ಜ್ವರ, ಚಳಿ ಬಂದರೆ, ಮೂತ್ರವೇ ನಿಂತರೆ, ಇರುವುದು ಒಂದೇ ಮೂತ್ರಪಿಂಡವಾಗಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಸೇರಿದರೆ ಅದು ಪ್ರಾಣಾಂತಿಕವಾಗಬಲ್ಲುದು.

ನೀರೇ ಮೊದಲ ಔಷಧ

ಒಮ್ಮೆ ಕಲ್ಲು ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷಗಳೊಳಗೆ ಮತ್ತೆ ಬರುತ್ತದೆ. ಇದನ್ನು ತಡೆಯುವಲ್ಲಿ ನೀರಿನ ಶಕ್ತಿಯನ್ನು ಇಟಲಿಯ ಪಾರ್ಮಾ ನಗರದ ವೈದ್ಯರು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದರು. ಮೊದಲ ಬಾರಿ ಕ್ಯಾಲ್ಸಿಯಂ ಕಲ್ಲು ಬಂದಿದ್ದ 199 ಜನರಲ್ಲಿ ಒಂದು ಪಂಗಡಕ್ಕೆ ಹೆಚ್ಚು ನೀರು ಕುಡಿಯಲು ಹೇಳಿ, ಇನ್ನೊಂದನ್ನು ಅದರ ರೂಢಿಗೆ ಬಿಟ್ಟು, ಐದು ವರ್ಷ ನೋಡಿದರು. ನೀರು ಕುಡಿದವರಲ್ಲಿ ಶೇಕಡಾ 12 ಮಂದಿಗೆ, ಉಳಿದವರಲ್ಲಿ ಶೇಕಡಾ 27 ಮಂದಿಗೆ ಕಲ್ಲು ಮರಳಿತು. ಬೇರೆ ಯಾವ ಔಷಧವನ್ನೂ ಕೊಡದೆ ಕೇವಲ ನೀರಿನಿಂದ ದೊರೆತ ಫಲವಿದು.

ದಿನಕ್ಕೆ ಎರಡೂವರೆ ಲೀಟರು ಮೂತ್ರ ಹೋಗುವಷ್ಟು ನೀರು ಕುಡಿಯಬೇಕೆಂಬುದು ಕಲ್ಲು ಬಂದವರಿಗೆ ವೈದ್ಯರು ಹೇಳುವ ಅಳತೆ. ಹೃದಯದ ದೌರ್ಬಲ್ಯವಿರುವವರು, ಮೂತ್ರಪಿಂಡ ಕ್ಷೀಣಿಸಿದವರು ಮಾತ್ರ ವೈದ್ಯರು ವಿಧಿಸಿದ ಮಿತಿಯನ್ನು ಮೀರಬಾರದು.

ಸೂರ್ಯಾಸ್ತದ ಅನಂತರ ನೀರನ್ನೂ ಮುಟ್ಟದ ಶ್ರಾವಕನಿಗೆ ಈ ಅಳತೆ ಸಾಧ್ಯವೇ? ಸಾಧ್ಯ. ಹಗಲಿನ ಹನ್ನೆರಡು ಗಂಟೆಗಳಲ್ಲಿ ಗಂಟೆಗೊಂದು ಕಾಲು ಲೀಟರಿನ ಲೋಟ ಕುಡಿದರೆ ಮೂರು ಲೀಟರಾಯಿತು. ಸೋಸಿದ ನೀರಿನ ಮರ್ಯಾದೆ ಎರಡು ಘಳಿಗೆ, ಅಂದರೆ 48 ನಿಮಿಷ. ಮರಳಿ ಸೋಸುವ ಹೊತ್ತಿಗೊಮ್ಮೆ ಒಂದು ಲೋಟ ಕುಡಿಯುವ ಅಭ್ಯಾಸವಿಟ್ಟುಕೊಂಡರೆ ಜೀವದಯೆಯ ಆಚಾರವೇ ದೇಹರಕ್ಷೆಯ ಗಡಿಯಾರವಾಗುತ್ತದೆ. ಸಂಜೆ ಒಂದೇ ಸಲಕ್ಕೆ ಚೊಂಬುಗಟ್ಟಲೆ ಕುಡಿದು ಹಗಲೆಲ್ಲ ಒಣಗಿರುವುದರಿಂದ ಈ ಫಲ ದೊರೆಯದು. ಒಮ್ಮೆಗೆ ಕುಡಿದ ನೀರು ಕೆಲವೇ ಗಂಟೆಗಳಲ್ಲಿ ಹರಿದುಹೋಗುತ್ತದೆ.

ಯಾವ ರಸವನ್ನು ಬಿಡಬೇಕು?

ಮಾಂಸಾಹಾರವು ಮೂತ್ರದಲ್ಲಿ ಯೂರಿಕ್ ಆಮ್ಲವನ್ನೂ ಕ್ಯಾಲ್ಸಿಯಂ ಅನ್ನೂ ಹೆಚ್ಚಿಸುತ್ತದೆ. ಆ ದೋಷದಿಂದ ಜೈನ ಮನೆಗಳು ಮುಕ್ತ. ಆದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪಿನಿಂದ ಮುಕ್ತವಲ್ಲ. ಉಪ್ಪು ಹೆಚ್ಚಿದಷ್ಟೂ ಮೂತ್ರಕ್ಕೆ ಇಳಿಯುವ ಕ್ಯಾಲ್ಸಿಯಂ ಹೆಚ್ಚುತ್ತದೆ.

ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು ಮೊಸರುಗಳನ್ನು ಬಿಡುವವರುಂಟು. ಇದು ವಿಪರೀತ ಫಲ ಕೊಡುತ್ತದೆ. ಊಟದೊಡನೆ ಸೇರಿದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ. ಹಾಲು ಮೊಸರಿಲ್ಲದಾಗ ಆ ಆಕ್ಸಲೇಟ್ ರಕ್ತವನ್ನು ಸೇರಿ ಮೂತ್ರಕ್ಕೆ ಇಳಿಯುತ್ತದೆ. ಪಾರ್ಮಾ ನಗರದ ಅದೇ ವೈದ್ಯರು ಪದೇ ಪದೇ ಕಲ್ಲಾಗುತ್ತಿದ್ದ 120 ಪುರುಷರಲ್ಲಿ 60 ಜನರಿಗೆ ಕ್ಯಾಲ್ಸಿಯಂ ಕಡಿಮೆಯಾದ ಪಥ್ಯವನ್ನೂ, 60 ಜನರಿಗೆ ಉಪ್ಪು ಮತ್ತು ಮಾಂಸ ಕಡಿಮೆಯಾಗಿ ಕ್ಯಾಲ್ಸಿಯಂ ಎಂದಿನಷ್ಟೇ ಇರುವ ಪಥ್ಯವನ್ನೂ ಕೊಟ್ಟು ಐದು ವರ್ಷ ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲಿನವರಲ್ಲಿ 23 ಜನರಿಗೆ, ಎರಡನೆಯವರಲ್ಲಿ 12 ಜನರಿಗೆ ಮಾತ್ರ ಕಲ್ಲು ಮರಳಿತು.

ರಸಪರಿತ್ಯಾಗವೆಂಬ ಬಾಹ್ಯತಪದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಿವೆ. ಅಶ್ಮರಿಯುಳ್ಳವನು ಉಪ್ಪನ್ನು ಬಿಟ್ಟರೆ ತಪವೂ ಆಯಿತು, ಪಥ್ಯವೂ ಆಯಿತು. ಹಾಲು ಮೊಸರುಗಳನ್ನು ದೀರ್ಘಕಾಲ ಬಿಡುವುದು ಅವನಿಗೆ ಯುಕ್ತವಲ್ಲ. ಪರ್ವದಲ್ಲಿ ಹಸಿರು ಬಿಟ್ಟವರು ಅದಕ್ಕೆ ಬದಲಾಗಿ ಗೋಡಂಬಿ, ಬಾದಾಮಿಗಳನ್ನು ಮಿತಿಮೀರಿ ತಿನ್ನುವುದೂ ಸಲ್ಲದು. ಪಾಲಕ್ ಸೊಪ್ಪಿನಂತೆ ಅವುಗಳಲ್ಲಿಯೂ ಆಕ್ಸಲೇಟ್ ಹೆಚ್ಚು.

ವ್ರತಿಯ ವಿವೇಕ

ಆರೋಗ್ಯವಂತನಿಗೆ ಒಂದು ದಿನದ ಉಪವಾಸದಿಂದ ದೊಡ್ಡ ಕಲ್ಲು ಹುಟ್ಟಿಬಿಡುವುದಿಲ್ಲ. ಆದರೆ ಕಲ್ಲಿನ ಪ್ರವೃತ್ತಿಯುಳ್ಳವನಿಗೆ ದಿನಗಟ್ಟಲೆಯ ನಿರ್ಜಲ ಉಪವಾಸ ಎರಡು ಬಗೆಯಲ್ಲಿ ಹಾನಿಕರ. ನೀರಿಲ್ಲದೆ ಮೂತ್ರ ಸಾಂದ್ರವಾಗುತ್ತದೆ. ಆಹಾರವಿಲ್ಲದೆ ದೇಹವು ತನ್ನ ಕೊಬ್ಬನ್ನೇ ಉರಿಸುವಾಗ ಉಂಟಾಗುವ ಆಮ್ಲಗಳಿಂದ ಮೂತ್ರದ ಹುಳಿಗುಣ ಹೆಚ್ಚಿ, ರಕ್ಷಕವಾದ ಸಿಟ್ರೇಟ್ ಕಡಿಮೆಯಾಗುತ್ತದೆ. ಮೊದಲನೆಯದಕ್ಕೆ ನೀರೇ ಪರಿಹಾರ. ಎರಡನೆಯದಕ್ಕೆ ಉಪವಾಸದ ಅವಧಿಯನ್ನು ಮಿತಗೊಳಿಸುವುದೇ ಪರಿಹಾರ.

ಹಾಗಾದರೆ ಅವನು ಪರ್ವವನ್ನು ಬಿಡಬೇಕೇ? ಬಿಡಬೇಕಾಗಿಲ್ಲ, ದಾರಿಯನ್ನು ಶಾಸ್ತ್ರವೇ ತೋರಿಸಿದೆ. ವಸುನಂದಿ ಶ್ರಾವಕಾಚಾರದಲ್ಲಿ ಪ್ರೋಷಧಕ್ಕೆ ಉತ್ತಮ, ಮಧ್ಯಮ, ಜಘನ್ಯವೆಂದು ಮೂರು ಭೇದಗಳಿವೆ. ಉತ್ತಮದಲ್ಲಿ ಚತುರ್ವಿಧ ಆಹಾರದ ತ್ಯಾಗ. ಮಧ್ಯಮದಲ್ಲಿ ವಿಧಿಯೆಲ್ಲ ಹಾಗೆಯೇ ಇದ್ದು, ನೀರೊಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ತ್ಯಜಿಸುವುದು. ಜಘನ್ಯದಲ್ಲಿ ಏಕಭುಕ್ತ ಮೊದಲಾದವು. ಆದುದರಿಂದ ನೀರು ಕುಡಿದು ಮಾಡುವ ಪ್ರೋಷಧವು ವ್ರತಭಂಗವಲ್ಲ. ಅದು ಆಚಾರ್ಯರು ಹೇಳಿದ ಒಂದು ವಿಧಾನ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ‘ಶಕ್ತಿತಃ’ ಎಂಬ ವಿಶೇಷಣ ಸೇರಿರುವುದು ಸುಮ್ಮನೆ ಅಲ್ಲ.

ನಿರ್ಣಯವನ್ನು ನಿಯಮ ಸ್ವೀಕರಿಸುವ ಮೊದಲೇ ಮಾಡಬೇಕು. ಹಿಂದೊಮ್ಮೆ ಕಲ್ಲು ಬಂದಿದ್ದರೆ ಅದನ್ನು ಗುರುಗಳಲ್ಲಿ ಮುಚ್ಚಿಡದೆ ನಿವೇದಿಸಿ, ವೈದ್ಯರನ್ನೂ ಕೇಳಿ, ತಕ್ಕ ಭೇದವನ್ನೇ ಕೈಕೊಳ್ಳಬೇಕು. ಉತ್ತಮವನ್ನು ಹಿಡಿದು ನಡುವೆ ಬಿಡುವುದಕ್ಕಿಂತ ಮಧ್ಯಮವನ್ನು ಹಿಡಿದು ಪೂರ್ಣವಾಗಿ ಪಾಲಿಸುವುದು ಲೇಸು. ದಿನಕ್ಕೊಮ್ಮೆ ಮಾತ್ರ ಆಹಾರ ಜಲಗಳನ್ನು ಸ್ವೀಕರಿಸುವುದು ಮಹಾವ್ರತಿಗಳ ಚರ್ಯೆ; ವ್ಯಾಧಿಪೀಡಿತನಾದ ಗೃಹಸ್ಥನು ಅದನ್ನು ಅನುಕರಿಸಬೇಕೆಂಬ ವಿಧಿಯಿಲ್ಲ.

ವ್ರತದ ನಡುವೆಯೇ ಶೂಲೆ ಬಂದರೆ? ಅದನ್ನು ರೋಗಪರೀಷಹವೆಂದು ಬಗೆದು ಮೌನವಾಗಿ ಸಹಿಸುವುದು ಧೈರ್ಯದಂತೆ ತೋರಬಹುದು. ಆದರೆ ವೇದನೆಯಲ್ಲಿ ಹೊರಳುವ ಮನಸ್ಸು ಧರ್ಮಧ್ಯಾನದಲ್ಲಿ ನಿಲ್ಲುವುದು ಕಷ್ಟ; ವೇದನೆಯನ್ನೇ ಚಿಂತಿಸುವುದು ಆರ್ತಧ್ಯಾನದ ಒಂದು ಭೇದ. ಉಪವಾಸದ ಉದ್ದೇಶವೇ ಅಲ್ಲಿ ತಪ್ಪಿತು. ವ್ರತದಲ್ಲಿ ಲೋಪವಾದರೆ ಪ್ರಾಯಶ್ಚಿತ್ತವಿದೆ. ನಾಶವಾದ ಮೂತ್ರಪಿಂಡಕ್ಕೆ ಅಂತಹ ಪ್ರಾಯಶ್ಚಿತ್ತವಿಲ್ಲ. ಆದುದರಿಂದ ಮನೆಯ ಹಿರಿಯರು ಉಪವಾಸ ಕುಳಿತ ಸೊಸೆಯನ್ನೂ ಮಗಳನ್ನೂ ತಾವಾಗಿ ವಿಚಾರಿಸಬೇಕು; ಹೇಳಿಕೊಳ್ಳಲು ಸಂಕೋಚಪಡುವವರು ಅವರೇ.

ಮನನಕ್ಕೆ

1. ಮೂತ್ರ ತಿಳಿಹಳದಿಯಾಗಿರುವುದು ನೀರು ಸಾಕಾಗಿದೆಯೆಂಬುದರ ಗುರುತು.
2. ಕಲ್ಲು ಬಂದವನು ಹಗಲಿನಲ್ಲಿ ನೀರನ್ನು ಹಂಚಿಕೊಂಡು ಕುಡಿಯಬೇಕು. ಉಪ್ಪನ್ನು ಬಿಡಬೇಕು, ಹಾಲು ಮೊಸರನ್ನಲ್ಲ.
3. ಪರ್ವದಲ್ಲಿ ಅವನಿಗೆ ನೀರಿನೊಡನೆ ಮಾಡುವ ಮಧ್ಯಮ ಪ್ರೋಷಧ ಅಥವಾ ಏಕಭುಕ್ತವೇ ಯುಕ್ತ. ಏಕಭುಕ್ತದಲ್ಲಿಯೂ ನೀರಿಗೆ ಪ್ರತ್ಯೇಕ ಅನುಮತಿಯನ್ನು ಮೊದಲೇ ಪಡೆಯಬೇಕು.
4. ಶೂಲೆಯೊಡನೆ ಜ್ವರ ಬಂದರೆ, ಮೂತ್ರ ನಿಂತರೆ, ಬೆಳಗಾಗುವವರೆಗೆ ಕಾಯಬಾರದು.

ಶಕ್ತಿಯನ್ನು ಅಡಗಿಸದೆಯೂ, ಶಕ್ತಿಯನ್ನು ಮೀರದೆಯೂ ಮಾಡಿದ ತಪವೇ ನಿರ್ಜರೆಗೆ ಸಾಧನ. ಈ ಅಳತೆಯನ್ನು ಅರಿತ ಶ್ರಾವಕನಿಗೆ ಪರ್ವದ ಹತ್ತು ದಿನಗಳೂ ನಿರಾಕುಲವಾಗಿ ಸಾಗಲಿ.