ರೋಟರಿ ಎಂಜಿನ್ನಿನ ರಿಡಕ್ಷನ್ ಡ್ರೈವ್: ಬೇರಿಂಗ್ ಬದಲಾವಣೆಯ ಲೆಕ್ಕಾಚಾರ

"ಇದೇ ಅಳತೆಯ ಬೇರೊಂದು ಬೇರಿಂಗ್ ಹಾಕಿದರೆ ನಡೆಯುವುದಿಲ್ಲವೇ?" ಬೇರಿಂಗ್ ವ್ಯಾಪಾರಿಗಳೂ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರೂ ಈ ಪ್ರಶ್ನೆಯನ್ನು ಪ್ರತಿದಿನ ಕೇಳುತ್ತಾರೆ. ಉತ್ತರ ತಪ್ಪಾದರೆ ಸಾಮಾನ್ಯವಾಗಿ ಒಂದು ಪಂಪು ನಿಲ್ಲುತ್ತದೆ, ಒಂದು ಪಾಳಿಯ ಉತ್ಪಾದನೆ ನಷ್ಟವಾಗುತ್ತದೆ. ಅದೇ ಪ್ರಶ್ನೆ ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ವಿಮಾನದ ಬಗ್ಗೆ ಬಂದಾಗ ನಷ್ಟದ ಸ್ವರೂಪವೇ ಬೇರೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಸ್ವನಿರ್ಮಿತ ವಿಮಾನಗಳ ಕುರಿತು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪಘಾತಗಳ ಪ್ರಮುಖ ಕಾರಣಗಳೆಂದು ಗುರುತಿಸಿದವು ಎರಡು: ಹಾರಾಟದಲ್ಲಿ ನಿಯಂತ್ರಣ ತಪ್ಪುವುದು ಮತ್ತು ಎಂಜಿನ್ ವ್ಯವಸ್ಥೆಯ ವೈಫಲ್ಯ. ಎಂಜಿನ್ ಹಾಗೂ ಪ್ರೊಪೆಲ್ಲರ್ ನಡುವೆ ಕುಳಿತಿರುವ ರಿಡಕ್ಷನ್ ಡ್ರೈವ್ ಈ ವ್ಯವಸ್ಥೆಯ ಒಂದು ಅಂಗ. ಅದರ ಬೇರಿಂಗುಗಳನ್ನು ಬದಲಾಯಿಸುವ ವಿಚಾರವು ನಮ್ಮ ನಾಡಿನ ಕಾರ್ಯಾಗಾರಗಳಿಗೆ ದೂರದ್ದೆನಿಸಬಹುದು. ಆದರೆ ಅದರ ಲೆಕ್ಕಾಚಾರ ದೂರದ್ದಲ್ಲ.

ಡ್ರೈವ್ ಏಕೆ ಬೇಕು?

ಇಲ್ಲಿ ರೋಟರಿ ಎಂದರೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಿಲಿಂಡರುಗಳ ಸಮೇತ ಇಡೀ ಎಂಜಿನ್ನೇ ಸುತ್ತುತ್ತಿದ್ದ ಹಳೆಯ ಬಗೆಯಲ್ಲ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ರೂಪಿಸಿದ, 1967ರ ಕಾಸ್ಮೊ ಸ್ಪೋರ್ಟ್ ಕಾರಿನಿಂದ ಮೊದಲ್ಗೊಂಡು ಮಜ್ದಾ ಕಂಪನಿಯು ದಶಕಗಳ ಕಾಲ ತಯಾರಿಸಿದ, ತ್ರಿಕೋನಾಕಾರದ ರೋಟರುಳ್ಳ ಎಂಜಿನ್. ಹವ್ಯಾಸಿ ವಿಮಾನ ನಿರ್ಮಾಪಕರು ಹೆಚ್ಚಾಗಿ ಬಳಸಿರುವುದು ಎರಡು ರೋಟರುಗಳ, 1308 ಸಿಸಿ ಸಾಮರ್ಥ್ಯದ 13-ಬಿ ಮಾದರಿ. ಕವಾಟಗಳಿಲ್ಲ, ಹಿಂದೆ ಮುಂದೆ ಚಲಿಸುವ ಪಿಸ್ಟನ್ನುಗಳಿಲ್ಲ. ಹಳೆಯ ಕಾರುಗಳಿಂದ ಕಡಿಮೆ ಬೆಲೆಗೆ ದೊರೆಯುತ್ತಿದ್ದುದು ಇನ್ನೊಂದು ಆಕರ್ಷಣೆ.

ತೊಡಕಿರುವುದು ವೇಗದಲ್ಲಿ. ಈ ಎಂಜಿನ್ ತನ್ನ ಶಕ್ತಿಯನ್ನು ನೀಡುವುದು ನಿಮಿಷಕ್ಕೆ 6000 ಸುತ್ತುಗಳ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ. 1.93 ಮೀಟರ್ ವ್ಯಾಸದ ಪ್ರೊಪೆಲ್ಲರನ್ನು ಅದೇ ವೇಗದಲ್ಲಿ ತಿರುಗಿಸಿದರೆ ಅದರ ತುದಿಯ ವೇಗ ಸೆಕೆಂಡಿಗೆ 606 ಮೀಟರ್ ಆಗುತ್ತದೆ. ಶಬ್ದದ ವೇಗವೇ ಸುಮಾರು 340 ಮೀಟರ್. ಅಂತಹ ಪ್ರೊಪೆಲ್ಲರ್ ಗದ್ದಲ ಮಾಡುತ್ತದೆಯೇ ಹೊರತು ವಿಮಾನವನ್ನು ಸಮರ್ಥವಾಗಿ ಎಳೆಯುವುದಿಲ್ಲ. ನಡುವೆ 2.17ಕ್ಕೆ 1ರ ಅನುಪಾತದ ಗೇರುಗಳನ್ನಿಟ್ಟರೆ ಪ್ರೊಪೆಲ್ಲರ್ ವೇಗ 2765 ಸುತ್ತುಗಳಿಗೆ ಇಳಿಯುತ್ತದೆ. 2.85ರ ಅನುಪಾತವಾದರೆ 2105ಕ್ಕೆ. ಆದರೆ ವೇಗ ಇಳಿದಷ್ಟೇ ತಿರುಚುಬಲ ಏರುತ್ತದೆ. 180 ಅಶ್ವಶಕ್ತಿಯ ಎಂಜಿನ್ 6000 ಸುತ್ತುಗಳಲ್ಲಿ ಸುಮಾರು 213 ನ್ಯೂಟನ್-ಮೀಟರ್ ತಿರುಚುಬಲ ಕೊಟ್ಟರೆ, ಪ್ರೊಪೆಲ್ಲರ್ ಶಾಫ್ಟಿನಲ್ಲಿ ಅದು ಮೊದಲನೆಯ ಡ್ರೈವಿನಲ್ಲಿ 462, ಎರಡನೆಯದರಲ್ಲಿ 607 ಆಗುತ್ತದೆ. ವ್ಯವಹಾರದ ಜಮಾಖರ್ಚಿನಂತೆ ಇಲ್ಲಿಯೂ ಒಂದು ಬದಿಯಲ್ಲಿ ಕಳೆದದ್ದು ಇನ್ನೊಂದು ಬದಿಯಲ್ಲಿ ಕಾಣಿಸಿಕೊಳ್ಳಲೇಬೇಕು.

ಇಂತಹ ಡ್ರೈವುಗಳಲ್ಲಿ ಬಹುಪಾಲು, ಫೋರ್ಡ್ ಕಾರುಗಳ ಸ್ವಯಂಚಾಲಿತ ಗೇರ್‌ಬಾಕ್ಸಿನ ಪ್ಲಾನೆಟರಿ ಗೇರುಗಳನ್ನು ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಕೂರಿಸಿ ಸಣ್ಣ ಕಾರ್ಯಾಗಾರಗಳಲ್ಲಿ ತಯಾರಾದವು. ಕಾರಿನ ಗೇರ್‌ಬಾಕ್ಸಿಗೆ ಪ್ರೊಪೆಲ್ಲರಿನ ಎಳೆತವನ್ನು ಹೊರುವ ಕೆಲಸವೇ ಇರಲಿಲ್ಲ. ಆ ಹೊಣೆಯನ್ನು ಹೊಸದಾಗಿ ಸೇರಿಸಿದ ಬೇರಿಂಗುಗಳು ಹೊರಬೇಕು. ಮಾರ್ಪಾಡಿನ ಪ್ರಶ್ನೆ ಹುಟ್ಟುವುದು ಈ ಸ್ಥಾನದಲ್ಲಿ.

ಆಯುಷ್ಯದ ಲೆಕ್ಕ

ಬೇರಿಂಗಿನ ಆಯುಷ್ಯವನ್ನು ಅಳೆಯುವ ಸೂತ್ರ ಸರಳವಾದುದು. ಬೇರಿಂಗಿನ ಚಲನ ಧಾರಣಶಕ್ತಿಯನ್ನು ಅದರ ಮೇಲಿನ ಸಮಾನ ಭಾರದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಮೂರು ಬಾರಿ ಗುಣಿಸಿದರೆ ದೊರೆಯುವುದು ದಶಲಕ್ಷ ಸುತ್ತುಗಳಲ್ಲಿ ಆಯುಷ್ಯ. ರೋಲರ್ ಬೇರಿಂಗಿಗೆ ಘಾತ 3ರ ಬದಲು 10/3.

ಉದಾಹರಣೆಗೆ, ಎಲ್ಲ ಅಂಗಡಿಗಳಲ್ಲೂ ಸಿಗುವ 6210 ಬಾಲ್ ಬೇರಿಂಗನ್ನು ತೆಗೆದುಕೊಳ್ಳಬಹುದು. ಕೊನೆಯ ಎರಡು ಅಂಕಿಗಳನ್ನು 5ರಿಂದ ಗುಣಿಸಿದರೆ ಒಳವ್ಯಾಸ 50 ಮಿಲಿಮೀಟರ್, ಹೊರವ್ಯಾಸ 90, ಧಾರಣಶಕ್ತಿ ಸುಮಾರು 37 ಕಿಲೋನ್ಯೂಟನ್. ನೆಲದ ಮೇಲೆ ಪೂರ್ಣ ಶಕ್ತಿಯಲ್ಲಿ ಪ್ರೊಪೆಲ್ಲರಿನ ಎಳೆತ 2.7 ಕಿಲೋನ್ಯೂಟನ್, ಅಂದರೆ ಸುಮಾರು 275 ಕಿಲೋ ತೂಕದಷ್ಟು, ಅಡ್ಡಭಾರ 1 ಕಿಲೋನ್ಯೂಟನ್ ಎಂದಿಟ್ಟುಕೊಂಡರೆ ಸಮಾನ ಭಾರ ಸುಮಾರು 4.3 ಕಿಲೋನ್ಯೂಟನ್ ಆಗುತ್ತದೆ. ಆಯುಷ್ಯ ಸುಮಾರು 62.5 ಕೋಟಿ ಸುತ್ತುಗಳು. ಪ್ರೊಪೆಲ್ಲರ್ ನಿಮಿಷಕ್ಕೆ 2500 ಬಾರಿ ಸುತ್ತಿದರೆ ಗಂಟೆಗೆ ಒಂದೂವರೆ ಲಕ್ಷ ಸುತ್ತು. ಅಂದರೆ 4166 ಗಂಟೆ. ವರ್ಷಕ್ಕೆ 50 ಗಂಟೆ ಹಾರುವ ವಿಮಾನಕ್ಕೆ ಇದು 83 ವರ್ಷ. ಲೆಕ್ಕದ ಕಾಗದ ನೋಡಿದವರು ಇಲ್ಲಿಗೇ ತೃಪ್ತಿಪಟ್ಟು ಪುಸ್ತಕ ಮುಚ್ಚುವ ಸಂಭವವಿದೆ.

ಆದರೆ ಈ ಅಂಕಿ ಒಂದು ಬೇರಿಂಗಿನ ಆಯುಷ್ಯವಲ್ಲ. ಅಂತಹ ನೂರು ಬೇರಿಂಗುಗಳಲ್ಲಿ ಹತ್ತು ಕೆಡುವ ಹೊತ್ತಿಗೆ ಕಳೆದಿರುವ ಅವಧಿ. ಸಂಶಯಾಸ್ಪದ ಬಾಕಿಗೆಂದು ಶೇಕಡಾ 10 ಮೀಸಲಿಡುವ ವರ್ತಕನಿಗೆ ನೂರು ಮಂದಿ ಗಿರಾಕಿಗಳಿರುತ್ತಾರೆ. ವಿಮಾನದ ಮಾಲೀಕನಿಗೆ ಇರುವುದು ಒಂದೇ ಡ್ರೈವ್. ನೂರರಲ್ಲಿ ಒಂದು ಮಾತ್ರ ಕೆಡಬಹುದೆಂಬ ಭರವಸೆ ಬೇಕಾದರೆ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 281ರ ಪ್ರಕಾರ ಆಯುಷ್ಯವನ್ನು 0.25ರಿಂದ ಗುಣಿಸಬೇಕು. 4166 ಗಂಟೆ 1040ಕ್ಕೆ ಇಳಿಯುತ್ತದೆ.

ಇನ್ನು ಘಾತದ ಪರಿಣಾಮ. ಭಾರ ಕಾಲು ಭಾಗ ಹೆಚ್ಚಿದರೆ ಆಯುಷ್ಯ ಅರ್ಧವಾಗುತ್ತದೆ. ಇಮ್ಮಡಿಯಾದರೆ ಎಂಟನೆಯ ಒಂದು ಭಾಗ ಮಾತ್ರ ಉಳಿಯುತ್ತದೆ. ಭಾರ ಇಮ್ಮಡಿಯಾಗಲು ಎಂಜಿನ್ ದೊಡ್ಡದಾಗಬೇಕಿಲ್ಲ. ಎರಡು ಬೇರಿಂಗುಗಳ ನಡುವಿನ ಬುಷ್ ಅಳತೆ ತಪ್ಪಿ, ನಟ್ಟು ಬಿಗಿಯುವಾಗ ಅವು ಒಂದನ್ನೊಂದು ಒತ್ತಿ ಹಿಡಿದರೆ ಸಾಕು. ಆಗ 4166 ಗಂಟೆ 520 ಆಗುತ್ತದೆ, ಶೇಕಡಾ 99ರ ಭರವಸೆಯಲ್ಲಿ 130. ಅಂದರೆ ಎಂಬತ್ತಮೂರು ವರ್ಷದ ಬೇರಿಂಗ್ ಎರಡೂವರೆ ವರ್ಷದ್ದಾಯಿತು. ಬೆಲೆಪಟ್ಟಿಯಲ್ಲಿ ಎರಡಕ್ಕೂ ಒಂದೇ ದರ.

ದಿಕ್ಕು, ಬಿಸಿ ಮತ್ತು ಅಂತರ

ಮಾರ್ಪಾಡು ಮಾಡುವವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ದೊಡ್ಡ ಬೇರಿಂಗನ್ನು ಕುರಿತು. ದೋಷ ಇರುವುದು ಬಹಳ ಬಾರಿ ಬೇರೆಡೆ.

ಮೊದಲನೆಯದು ದಿಕ್ಕು. ಮುಂಭಾಗದಲ್ಲಿ ಪ್ರೊಪೆಲ್ಲರ್ ಇರುವ ವಿಮಾನದಲ್ಲಿ ಎಳೆತವು ಶಾಫ್ಟನ್ನು ಪೆಟ್ಟಿಗೆಯಿಂದ ಹೊರಕ್ಕೆ ಸೆಳೆಯುತ್ತದೆ. ಲಾಂಗ್-ಈಜಡ್‌ನಂತಹ, ಪ್ರೊಪೆಲ್ಲರ್ ಹಿಂಭಾಗದಲ್ಲಿರುವ ವಿಮಾನಗಳಲ್ಲಿ ಅದೇ ಬಲ ಶಾಫ್ಟನ್ನು ಪೆಟ್ಟಿಗೆಯ ಒಳಕ್ಕೆ ತಳ್ಳುತ್ತದೆ. ಕೋನೀಯ ಸಂಪರ್ಕದ ಒಂಟಿ ಬಾಲ್ ಬೇರಿಂಗ್ ಅಕ್ಷದ ಬಲವನ್ನು ತಡೆಯುವುದು ಒಂದು ದಿಕ್ಕಿನಲ್ಲಿ ಮಾತ್ರ. ವಿರುದ್ಧ ದಿಕ್ಕಿನಿಂದ ಒತ್ತಿದರೆ ಅದರ ರೇಸುಗಳು ಬೇರ್ಪಡುತ್ತವೆ. ಆದ್ದರಿಂದ ಒಂದು ಬಗೆಯ ವಿಮಾನಕ್ಕೆಂದು ಮಾಡಿದ ಡ್ರೈವನ್ನು ಇನ್ನೊಂದಕ್ಕೆ ಅಳವಡಿಸುವಾಗ ಬೇರಿಂಗ್ ಕೂರಿಸಿದ ದಿಕ್ಕನ್ನೂ, ಅದನ್ನು ತಡೆಹಿಡಿದಿರುವ ಭುಜ ಅಥವಾ ಸರ್ಕ್ಲಿಪ್ಪನ್ನೂ ಮರುಪರಿಶೀಲಿಸಬೇಕು. ಸ್ವಲ್ಪಕಾಲದ ಹಿಮ್ಮುಖ ಬಲವನ್ನು ತಡೆಯಲೆಂದಿಟ್ಟ ತೆಳುವಾದ ಸರ್ಕ್ಲಿಪ್ಪಿನ ಮೇಲೆ ಈಗ ನಿರಂತರವಾಗಿ 275 ಕಿಲೋ ಭಾರ ಬೀಳುತ್ತದೆ. ಇಲ್ಲಿ ಬೇರಿಂಗಿನ ಗಾತ್ರ ಹೆಚ್ಚಿಸಿದರೂ ಪ್ರಯೋಜನವಿಲ್ಲ.

ಕಾರಿನಿಂದ ತೆಗೆದ ಪ್ಲಾನೆಟರಿ ಗೇರುಗಳ ಹಲ್ಲುಗಳು ಓರೆಯಾಗಿರುತ್ತವೆಂಬುದನ್ನೂ ಮರೆಯಬಾರದು. ಓರೆ ಹಲ್ಲು ತಿರುಗಿಸುವುದರ ಜೊತೆಗೆ ಅಕ್ಷದ ದಿಕ್ಕಿನಲ್ಲಿ ತಳ್ಳುತ್ತದೆ ಕೂಡ. ಮಧ್ಯದ ಸನ್ ಗೇರಿನ ಈ ತಳ್ಳುವಿಕೆ ನೇರವಾಗಿ ಎಂಜಿನ್ ಶಾಫ್ಟಿಗೆ ತಲುಪಿದರೆ, ಕಾರಿನಲ್ಲಿ ಕ್ಲಚ್ ಒತ್ತಿದಾಗ ಮಾತ್ರ ಕೆಲಸ ಮಾಡುತ್ತಿದ್ದ ಎಂಜಿನ್ನಿನ ಥ್ರಸ್ಟ್ ಬೇರಿಂಗ್ ಹಗಲಿರುಳೂ ದುಡಿಯಬೇಕಾಗುತ್ತದೆ. 13-ಬಿ ಎಂಜಿನ್ನಿನ ಶಾಫ್ಟಿಗೆ ಉದ್ದಗಲಿಗೆ ಎಂದು ಬಿಟ್ಟಿರುವ ಸಡಿಲ 0.04ರಿಂದ 0.07 ಮಿಲಿಮೀಟರ್ ಮಾತ್ರ. ಸನ್ ಗೇರನ್ನು ಸ್ಪ್ಲೈನಿನ ಮೇಲೆ ಜಾರುವಂತೆ ಬಿಟ್ಟು, ಅದರ ಒತ್ತಡವನ್ನು ಡ್ರೈವಿನೊಳಗಿನ ಪ್ರತ್ಯೇಕ ಥ್ರಸ್ಟ್ ಬೇರಿಂಗಿಗೆ ವಹಿಸುವುದು ಯೋಗ್ಯವಾದ ಮಾರ್ಪಾಡು.

ಎರಡನೆಯದು ಬಿಸಿ. ಲೇತಿನ ಮೇಲೆ ಕೆಲಸ ಮಾಡಿದವರೆಲ್ಲರಿಗೂ ಗೊತ್ತಿರುವ, ಆದರೂ ಪದೇ ಪದೇ ಮರೆತುಹೋಗುವ ವಿಷಯವಿದು. ಒಂದು ಡಿಗ್ರಿ ಬಿಸಿಗೆ ಉಕ್ಕು ದಶಲಕ್ಷಕ್ಕೆ 12 ಭಾಗದಷ್ಟು ಹಿಗ್ಗಿದರೆ ಅಲ್ಯೂಮಿನಿಯಂ 23 ಭಾಗ ಹಿಗ್ಗುತ್ತದೆ. 90 ಮಿಲಿಮೀಟರ್ ಹೊರವ್ಯಾಸದ ಬೇರಿಂಗನ್ನು 20 ಡಿಗ್ರಿಯಲ್ಲಿ ಕೂರಿಸಿ, ಎಣ್ಣೆಯ ಬಿಸಿಗೆ ಪೆಟ್ಟಿಗೆ 90 ಡಿಗ್ರಿ ತಲುಪಿದಾಗ ಎರಡರ ಅಂತರ 0.07 ಮಿಲಿಮೀಟರ್ ಆಗುತ್ತದೆ. ತಣ್ಣಗಿದ್ದಾಗ ಕೈಯಿಂದ ಅಲುಗದಂತೆ ಕುಳಿತಿದ್ದ ಔಟರ್ ರೇಸ್ ಹಾರಾಟದಲ್ಲಿ ತನ್ನ ಗೂಡಿನಲ್ಲೇ ನಿಧಾನವಾಗಿ ಸುತ್ತತೊಡಗುತ್ತದೆ. ಗೂಡು ಸವೆದು ಅಲ್ಯೂಮಿನಿಯಂ ಪುಡಿ ಎಣ್ಣೆಗೆ ಸೇರುತ್ತದೆ. ಈ ಎಣ್ಣೆ ಎಂಜಿನ್ನಿನಿಂದ ಬಂದು ಎಂಜಿನ್ನಿಗೇ ಮರಳುವಂಥದ್ದು. ಪೆಟ್ಟಿಗೆ ಬಿಚ್ಚಿ ತಣ್ಣಗಾದ ಮೇಲೆ ಪರೀಕ್ಷಿಸುವವನ ಕೈಗೆ ಎಲ್ಲವೂ ಬಿಗಿಯಾಗಿಯೇ ಸಿಗುತ್ತದೆ. ಗೂಡಿನ ಹೊಳಪು ಮಾತ್ರ ಸತ್ಯ ಹೇಳುತ್ತದೆ.

ಇದಕ್ಕೆ ಪರಿಹಾರವೆಂದು ಬೇರಿಂಗನ್ನೇ ಇನ್ನಷ್ಟು ಬಿಗಿಯಾಗಿ ಕೂರಿಸಿದರೆ ಔಟರ್ ರೇಸ್ ಕುಗ್ಗಿ ಗುಂಡುಗಳ ಸಡಿಲ ನುಂಗಿಹೋಗುತ್ತದೆ. ಆಗ ಹೆಚ್ಚು ಸಡಿಲವಿರುವ ಸಿ-3 ಗುರುತಿನ ಬೇರಿಂಗ್ ಆರಿಸಬೇಕಾಗುತ್ತದೆ. ದಪ್ಪನೆಯ ಉಕ್ಕಿನ ತೋಳನ್ನು ಪೆಟ್ಟಿಗೆಗೆ ಕೂರಿಸಿ ಅದರೊಳಗೆ ಬೇರಿಂಗ್ ಇಡುವುದು ಇನ್ನೊಂದು ಮಾರ್ಗ. ತೋಳಿಗೂ ಅಲ್ಯೂಮಿನಿಯಂಗೂ ನಡುವೆ ಅದೇ ಹಿಗ್ಗುವಿಕೆಯ ಅಂತರ ಉಳಿಯುತ್ತದೆಯಾದರೂ, ತೋಳನ್ನು ಪೆಟ್ಟಿಗೆ ಕಾಯಿಸಿ ಹೆಚ್ಚು ಬಿಗಿಯಾಗಿ ಕೂರಿಸಬಹುದು, ಅಂಚು ಕೊಟ್ಟು ಬೋಲ್ಟು ಹಾಕಬಹುದು. ಬರೀ ಅಂಟುದ್ರವವನ್ನು ನಂಬುವುದು ಇಂತಹ ಸ್ಥಾನಕ್ಕೆ ಸಲ್ಲದು.

ಮೂರನೆಯದು ಬೇರಿಂಗುಗಳ ನಡುವಿನ ಅಂತರ. ವೇಗವಾಗಿ ಸುತ್ತುವ ಪ್ರೊಪೆಲ್ಲರಿನ ಅಕ್ಷವನ್ನು ವಿಮಾನ ಹಠಾತ್ತನೆ ಓರೆ ಮಾಡಿದಾಗ ಅದು ಬುಗುರಿಯಂತೆ ಪ್ರತಿರೋಧಿಸುತ್ತದೆ. ಜಡತ್ವ 0.8 ಕಿಲೋಗ್ರಾಂ-ಚದರ ಮೀಟರ್ ಇರುವ ಪ್ರೊಪೆಲ್ಲರ್ 2500 ಸುತ್ತುಗಳಲ್ಲಿರುವಾಗ, ವಿಮಾನ ಸೆಕೆಂಡಿಗೆ ಅರ್ಧ ರೇಡಿಯನ್ನಿನಂತೆ ತಿರುಗಿದರೆ ಶಾಫ್ಟಿನ ಮೇಲೆ 105 ನ್ಯೂಟನ್-ಮೀಟರ್ ಬಾಗುಬಲ ಬೀಳುತ್ತದೆ. ಎರಡೇ ಅಲಗಿನ ಪ್ರೊಪೆಲ್ಲರಿನಲ್ಲಿ ಇದು ಸೊನ್ನೆಯಿಂದ ಇಮ್ಮಡಿಯವರೆಗೆ ಏರಿಳಿಯುತ್ತದೆ. ಬೇರಿಂಗುಗಳ ನಡುವೆ 10 ಸೆಂಟಿಮೀಟರ್ ಅಂತರವಿದ್ದರೆ ಒಂದೊಂದರ ಮೇಲೂ ಸುಮಾರು 1 ಕಿಲೋನ್ಯೂಟನ್. 5 ಸೆಂಟಿಮೀಟರ್ ಆದರೆ 2. ದೊಡ್ಡ ಬೇರಿಂಗ್ ತುರುಕಲು ಹೋಗಿ ಅಂತರವನ್ನೇ ಕಡಿಮೆ ಮಾಡಿದ ಮಾರ್ಪಾಡಿನಿಂದ ಲಾಭಕ್ಕಿಂತ ನಷ್ಟವೇ ಹೆಚ್ಚಾದೀತು.

ಎಂಜಿನ್ ಶಾಫ್ಟಿನ ಪ್ರತಿ ಸುತ್ತಿಗೂ ಎರಡು ಬಾರಿ ಬರುವ ಬಲದ ಹೊಡೆತ, ಕಡಿಮೆ ವೇಗದಲ್ಲಿ ಗೇರುಗಳನ್ನು ಅತ್ತಿತ್ತ ಬಡಿಯುವ ತಿರುಚುಕಂಪನ, ಇವುಗಳಿಗೆ ಮದ್ದು ಬೇರಿಂಗಿನಲ್ಲಿಲ್ಲ. ರಬ್ಬರಿನ ಅಥವಾ ಸ್ಪ್ರಿಂಗಿನ ಡ್ಯಾಂಪರಿನಲ್ಲಿದೆ. ಡ್ಯಾಂಪರ್ ಸವೆದಿರುವ ಡ್ರೈವಿಗೆ ಹೊಸ ಬೇರಿಂಗ್ ಹಾಕಿಸುವುದು ಮುಳುಗುತ್ತಿರುವ ಸಂಸ್ಥೆಗೆ ಮತ್ತೆ ಸಾಲ ಕೊಟ್ಟಂತೆ.

ನಿಯಮ ಮತ್ತು ಹೊಣೆ

ಅಮೆರಿಕದಲ್ಲಿ ಸ್ವನಿರ್ಮಿತ ವಿಮಾನದ ಹೆಚ್ಚಿನ ಭಾಗವನ್ನು ಹವ್ಯಾಸಿಯೇ ಕಟ್ಟಿರಬೇಕು. ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಪ್ರಮಾಣೀಕೃತವಲ್ಲದ ಎಂಜಿನ್ ಇದ್ದಲ್ಲಿ ಸಾಮಾನ್ಯವಾಗಿ 40 ಗಂಟೆ, ದೊಡ್ಡ ಮಾರ್ಪಾಡಿನ ನಂತರ ಕನಿಷ್ಠ 5 ಗಂಟೆ ಪರೀಕ್ಷಾ ಹಾರಾಟ ನಡೆಸಿ ದಾಖಲೆ ಪುಸ್ತಕದಲ್ಲಿ ನಮೂದಿಸುವ ಪದ್ಧತಿಯಿದೆ. ಆದ್ದರಿಂದ ಬದಲಾವಣೆಯ ವೆಚ್ಚ ತೆಗೆಯುವಾಗ ಬೇರಿಂಗಿನ ಬೆಲೆಯೊಂದನ್ನೇ ಹಿಡಿಯಬಾರದು. ಎಂಜಿನ್ ಇಳಿಸಿ ಏರಿಸುವ ಕೂಲಿ, ಗೂಡಿನ ಮರುಕೊರೆತ, ಪರೀಕ್ಷಾ ಹಾರಾಟದ ಇಂಧನ ಎಲ್ಲವೂ ಸೇರಬೇಕು. ಸವಕಳಿಯನ್ನೂ ವರ್ಷದ ಲೆಕ್ಕದಲ್ಲಲ್ಲದೆ ಹಾರಿದ ಗಂಟೆಯ ಲೆಕ್ಕದಲ್ಲಿ ಹಾಕುವುದೇ ವಾಸ್ತವಕ್ಕೆ ಹತ್ತಿರ. ಆದರೆ ತಿಂಗಳುಗಟ್ಟಲೆ ನಿಂತ ಡ್ರೈವಿನೊಳಗೆ ತೇವ ಸೇರಿ ರೇಸುಗಳು ತುಕ್ಕು ಹಿಡಿಯುವುದನ್ನು ಯಾವ ಗಂಟೆಯ ಲೆಕ್ಕವೂ ತೋರಿಸದು.

ಕರ್ನಾಟಕಕ್ಕೂ ಈ ಎಂಜಿನ್ ಅಪರಿಚಿತವಲ್ಲ. ಬೆಂಗಳೂರಿನ ಎನ್‌ಎಎಲ್ ಹಾಗೂ ಎಡಿಇ, ಅಹಮದ್‌ನಗರದ ವಿಆರ್‌ಡಿಇ ಜೊತೆಗೂಡಿ ಅಭಿವೃದ್ಧಿಪಡಿಸಿದ 55 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನ್, 2009ರ ಮಾರ್ಚಿನಲ್ಲಿ ಕೋಲಾರದ ಬಳಿ ಪೈಲಟ್‌ರಹಿತ 'ನಿಶಾಂತ್' ವಿಮಾನವನ್ನು ಹಾರಿಸಿತು. ಎನ್‌ಎಎಲ್‌ನ ಹಂಸ-3 ವಿಮಾನದ ರೋಟಾಕ್ಸ್ 914 ಎಂಜಿನ್ ರೋಟರಿಯಲ್ಲ, ಆದರೆ ಅದರಲ್ಲಿಯೂ ರಿಡಕ್ಷನ್ ಗೇರ್‌ಬಾಕ್ಸ್ ಇದೆ.

ಇಲ್ಲಿನ ಕಾರ್ಯಾಗಾರಗಳು ಬೇರೆಯವರ ಯಂತ್ರದ ಬೇರಿಂಗ್ ಬದಲಾಯಿಸಿಕೊಡುವಾಗ ಗಮನಿಸಬೇಕಾದ ಕಾನೂನು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ. ಅದರ ವ್ಯಾಖ್ಯೆಯಲ್ಲಿ ದುರಸ್ತಿ ಮಾಡುವವನೂ ಉತ್ಪನ್ನದ ಮಾರಾಟಗಾರನ ಸಾಲಿಗೆ ಸೇರಬಹುದು. ತಾನು ತಯಾರಕನಲ್ಲದಿದ್ದರೂ ಉತ್ಪನ್ನವನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಗಣನೀಯ ಕಾರಣವಾಗಿದ್ದಲ್ಲಿ, 86ನೇ ಕಲಮಿನಂತೆ ಅವನು ಹೊಣೆಗಾರನಾಗುತ್ತಾನೆ. ಹೀಗಿರುವಾಗ ಬಿಲ್ಲಿನಲ್ಲಿ "ಬೇರಿಂಗ್, 2 ನಗ" ಎಂದಷ್ಟೇ ಬರೆಯುವುದು ಅಪಾಯಕರ. ಸಂಖ್ಯೆಯ ಮುಂದಿನ ಸಿ-3, 2ಆರ್‌ಎಸ್ ಮುಂತಾದ ಗುರುತುಗಳು, ತಯಾರಕರ ಹೆಸರು, ಖರೀದಿಯ ಬಿಲ್ಲಿನ ಸಂಖ್ಯೆ, ಗೂಡು ಮತ್ತು ಶಾಫ್ಟಿನ ಅಳತೆ ತೆಗೆದಾಗಿನ ತಾಪಮಾನ, ಬೇರಿಂಗ್ ಕೂರಿಸಿದ ದಿಕ್ಕು, ಆ ಆಯ್ಕೆ ಮಾಡಿದವರು ಗಿರಾಕಿಯೋ ಕಾರ್ಯಾಗಾರವೋ ಎಂಬುದು, ಇವಿಷ್ಟನ್ನು ಕೆಲಸದ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ತೆಗೆದ ಹಳೆಯ ಬೇರಿಂಗನ್ನು ಚೀಟಿಯೊಂದಿಗೆ ಗಿರಾಕಿಗೆ ಹಿಂತಿರುಗಿಸಬೇಕು.