ಚಕ್ರದೊಳಗಿನ ಓಟಗಾರ

೧೯೬೮ರಲ್ಲಿ ತೆರೆಕಂಡ ‘೨೦೦೧: ಎ ಸ್ಪೇಸ್ ಒಡಿಸಿ’ ಎಂಬ ಚಲಚ್ಚಿತ್ರವನ್ನು ವಾಚಕರಲ್ಲಿ ಹಲವರು ನೋಡಿರಬಹುದು. ನಿರ್ದೇಶಕರು ಸ್ಟ್ಯಾನ್ಲಿ ಕ್ಯೂಬ್ರಿಕ್. ಅವರೊಡನೆ ಕಥೆಯನ್ನು ಹೆಣೆದವರು ಸಿಂಹಳದಲ್ಲಿ ನೆಲಸಿದ್ದ ಆರ್ಥರ್ ಕ್ಲಾರ್ಕ್. ಎಷ್ಟು ಸಲ ನೋಡಿದರೂ ನಮಗೆ ಬೇಸರ ತರದ ಚಿತ್ರವಿದು. ಈಚೆಗೆ ಮತ್ತೊಮ್ಮೆ ನೋಡುವಾಗ, ಹಿಂದೆ ಕೇವಲ ಸೊಗಸಾಗಿ ಕಂಡಿದ್ದ ಒಂದು ದೃಶ್ಯದಲ್ಲಿ ಒಳ್ಳೆಯ ಪ್ರಶ್ನೆಯೊಂದು ಅಡಗಿರುವುದು ಗೋಚರವಾಯಿತು.

ಗುರುಗ್ರಹದತ್ತ ಸಾಗುವ ನೌಕೆಯೊಳಗೆ ಚಕ್ರಾಕಾರದ ಕೊಠಡಿಯೊಂದು ತಿರುಗುತ್ತಿರುತ್ತದೆ. ಫ್ರಾಂಕ್ ಪೂಲ್ ಎಂಬ ಯಾತ್ರಿಕನು ಗಾಳಿಗೆ ಗುದ್ದುತ್ತ ಅದರ ಒಳಮೈಯ ಮೇಲೆ ಸುತ್ತುಸುತ್ತಾಗಿ ಓಡುತ್ತಾನೆ. ಅವನು ಚಕ್ರ ತಿರುಗುವ ದಿಕ್ಕಿನಲ್ಲಿ ಓಡುವುದೂ ಅದರ ಎದುರು ದಿಕ್ಕಿನಲ್ಲಿ ಓಡುವುದೂ ಒಂದೆಯೆ?

ಎಂಜಿನು ನಿಲ್ಲಿಸಿ ಸಾಗುವ ನೌಕೆಯಲ್ಲಿ ತೂಕದ ಅನುಭವವಿರದು. ಕೊಠಡಿಯನ್ನು ತಿರುಗಿಸಿದರೆ ಅದರ ನೆಲವು ಪಾದಗಳನ್ನು ಕೇಂದ್ರದ ಕಡೆಗೆ ಒತ್ತುತ್ತದೆ. ಆ ಒತ್ತೇ ತೂಕವೆನಿಸುತ್ತದೆ. ಅದರ ಪ್ರಮಾಣವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದ ಮೊತ್ತವನ್ನು ಅನುಸರಿಸುತ್ತದೆಂದು ವಿದ್ಯಾರ್ಥಿಗಳು ಬಲ್ಲರು. ಇಲ್ಲಿ ವೇಗವೆಂದರೆ ನೆಲವನ್ನು ಕುರಿತ ವೇಗವಲ್ಲ, ನಕ್ಷತ್ರಗಳನ್ನು ಕುರಿತ ವೇಗ. ಮರ್ಮವೆಲ್ಲ ಈ ಮಾತಿನಲ್ಲಿದೆ.

ಚಿತ್ರಕ್ಕಾಗಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಸಂಸ್ಥೆ ಕಟ್ಟಿಕೊಟ್ಟ ಚಕ್ರದ ವ್ಯಾಸ ೩೮ ಅಡಿ. ಎಂದರೆ ತ್ರಿಜ್ಯ ಸುಮಾರು ೫.೮ ಮೀಟರು. ಅದರಲ್ಲಿ ಚಂದ್ರನ ಮೇಲಿನಷ್ಟು ತೂಕ ಉಂಟಾಗಬೇಕಾದರೆ ೧೨ ಸೆಕೆಂಡಿಗೊಂದು ಸುತ್ತು ಸಾಕು. ಆಗ ನೆಲದ ವೇಗ ಸೆಕೆಂಡಿಗೆ ೩ ಮೀಟರು. ನಿಧಾನವಾಗಿ ಓಡುವ ಮನುಷ್ಯನ ವೇಗವೂ ಅಷ್ಟೆ!

ಭೂಮಿಯಲ್ಲಿ ೬೦ ಕಿಲೋಗ್ರಾಂ ತೂಗುವವನು ಇಲ್ಲಿ ಸುಮ್ಮನೆ ನಿಂತರೆ ತಕ್ಕಡಿ ೧೦ನ್ನು ತೋರುತ್ತದೆ. ಚಕ್ರದ ದಿಕ್ಕಿನಲ್ಲಿ ೩ ಮೀಟರು ವೇಗದಿಂದ ಓಡಿದನೆನ್ನೋಣ. ನಿಜವೇಗ ಇಮ್ಮಡಿಯಾಯಿತು, ತೂಕ ನಾಲ್ಮಡಿಯಾಗಿ ೪೦ಕ್ಕೆ ಏರಿತು. ಇನ್ನು ತಿರುಗಿ ಎದುರು ದಿಕ್ಕಿಗೆ ಓಡಲಿ. ಅರ್ಧ ವೇಗಕ್ಕೆ ಬಂದಾಗಲೇ ತೂಕ ಕಾಲುಭಾಗಕ್ಕೆ ಇಳಿದಿರುತ್ತದೆ. ವೇಗ ಹೆಚ್ಚಿದಂತೆ ಪಾದಕ್ಕೆ ನೆಲದ ಹಿಡಿತ ತಪ್ಪುತ್ತ ಬರುತ್ತದೆ. ೩ ಮೀಟರು ಮುಟ್ಟಿದನೆಂದರೆ ತೂಕವೇ ಇಲ್ಲ! ನಕ್ಷತ್ರಗಳ ದೃಷ್ಟಿಯಲ್ಲಿ ಅವನು ಇದ್ದಲ್ಲೇ ಇದ್ದಾನೆ, ನೆಲ ಮಾತ್ರ ಅವನ ಕೆಳಗೆ ಓಡುತ್ತಿದೆ. (ಚಕ್ರದೊಡನೆ ಸುತ್ತುವ ಗಾಳಿ ಅವನನ್ನು ಮೆಲ್ಲಗೆ ತಳ್ಳಿಕೊಂಡು ಹೋಗಿ ಮತ್ತೆ ನೆಲಕ್ಕೆ ಮುಟ್ಟಿಸುವುದೆಂಬುದು ಬೇರೆ ಮಾತು.) ಅವನ ತಲೆಯಾದರೋ ಕೇಂದ್ರಕ್ಕೆ ಹತ್ತಿರ, ಆಳು ೧.೭೫ ಮೀಟರು ಎತ್ತರವಿದ್ದರೆ, ನಿಂತಾಗ ನೆತ್ತಿಯ ಬಳಿಯ ಗುರುತ್ವ ಪಾದದ ಬಳಿಯದರ ನೂರಕ್ಕೆ ೭೦ರಷ್ಟು ಮಾತ್ರ.

ತೆರೆಯ ಮೇಲೆ ಪೂಲನ ಹೆಜ್ಜೆಗಳಲ್ಲಿ ಇದಾವುದೂ ಕಾಣದು. ಅವನದು ಅಪ್ಪಟ ಭೂಲೋಕದ ಓಟ. ಕಾರಣ ಸರಳವಾಗಿದೆ: ಚಿತ್ರೀಕರಣದಲ್ಲಿ ಚಕ್ರ ನಿಜವಾಗಿಯೂ ಉರುಳುತ್ತಿತ್ತು, ನಟ ಗ್ಯಾರಿ ಲಾಕ್‌ವುಡ್ ಪಂಜರದ ಚಕ್ರದಲ್ಲಿ ಓಡುವ ಇಲಿಯಂತೆ ಸದಾ ಅದರ ತಳದಲ್ಲೇ ಓಡುತ್ತಿದ್ದರು. ಇದನ್ನು ದೋಷವೆನ್ನಲು ನಮಗೆ ಮನಸ್ಸು ಬಾರದು. ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಭೂಮಿಯ ಆಕರ್ಷಣೆಯನ್ನು ಕಳಚಿಡುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಐದು ವರ್ಷಗಳ ತರುವಾಯ, ೧೯೭೩ರಲ್ಲಿ, ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣದಲ್ಲಿ ಯಾತ್ರಿಕರು ಇಂಥದೇ ಓಟವನ್ನು ನಿಜವಾಗಿ ಓಡಿದರು. ೬.೭ ಮೀಟರು ವ್ಯಾಸದ ಆ ಕೊಠಡಿ ತಿರುಗುತ್ತಿರಲಿಲ್ಲ. ಗೋಡೆಯ ಸುತ್ತಲೂ ಉಂಗುರದಂತೆ ಜೋಡಿಸಿದ್ದ ಪೆಟ್ಟಿಗೆಗಳ ಮೇಲೆ ಓಡಿ, ತಮ್ಮ ಕಾಲಿನಿಂದಲೇ ತಮ್ಮ ತೂಕವನ್ನು ಸೃಷ್ಟಿಸಿಕೊಂಡರು. ವೇಗವು ೩ ಮೀಟರಾದರೆ ವೇಗೋತ್ಕರ್ಷ ಸುಮಾರು ೨.೭, ಚಂದ್ರನದಕ್ಕಿಂತಲೂ ಅಧಿಕ. ಮೊದಲ ಕೆಲವು ಹೆಜ್ಜೆಗಳೇ ಕಷ್ಟ, ಏಕೆಂದರೆ ಆಗಿನ್ನೂ ತೂಕ ಹುಟ್ಟಿರುವುದಿಲ್ಲ. ಎಡಕ್ಕೆ ಓಡಿದರೂ ಬಲಕ್ಕೆ ಓಡಿದರೂ ಅಲ್ಲಿ ಫಲ ಒಂದೇ.