ಮೇಣದ ಹೊಳಪು, ಪೆನ್ಸಿಲಿನ ಬಣ್ಣ

ಬಣ್ಣದ ಪೆನ್ಸಿಲಿನ ಕಡ್ಡಿಯಲ್ಲಿ ಇರುವುದು ಬಣ್ಣದ ಪುಡಿಯೊಂದೇ ಅಲ್ಲ. ಪುಡಿಯನ್ನು ಹಿಡಿದಿಡಲು ಅಂಟು, ಕಡ್ಡಿಗೆ ಮೈಕಟ್ಟು ಕೊಡಲು ಟಾಲ್ಕ್ ಅಥವಾ ಬಿಳಿ ಜೇಡಿ, ಕಾಗದದ ಮೇಲೆ ಸಲೀಸಾಗಿ ಜಾರಲು ಮೇಣ ಇಲ್ಲವೇ ಎಣ್ಣೆ ಬೆರೆತಿರುತ್ತವೆ. ಬರೆಯುವ ಪೆನ್ಸಿಲಿನ ಗ್ರಾಫೈಟ್ ಕಡ್ಡಿಯನ್ನು ಕುಲುಮೆಯಲ್ಲಿ ಸುಡುತ್ತಾರೆ. ಬಣ್ಣದ ಕಡ್ಡಿಗೆ ಆ ಬೆಂಕಿ ತಾಳದು, ಅದನ್ನು ಒಣಗಿಸುವುದಷ್ಟೇ. ಆದ್ದರಿಂದ ಚಿತ್ರ ಬಿಡಿಸುವಾಗ ಕಾಗದಕ್ಕೆ ಬಣ್ಣದ ಜೊತೆ ಮೇಣವೂ ಹತ್ತುತ್ತದೆ. ಹೊಳಪಿನ ಕಾಟ ಶುರುವಾಗುವುದು ಅಲ್ಲಿಂದ.

ಮೇಣದ ನುಣುಪು ಮೈ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಬಣ್ಣಕ್ಕೆ ಮುಟ್ಟಿಸದೆಯೇ ಹಿಂದಕ್ಕೆ ಕಳಿಸುತ್ತದೆ. ಬೆಳಕು ತೀರಾ ಓರೆಯಾಗಿ ಬಿದ್ದರೆ ಈ ಪಾಲು ಇನ್ನೂ ಹೆಚ್ಚು. ಹೀಗೆ ಮರಳುವ ಬೆಳಕಿನಲ್ಲಿ ಪೆನ್ಸಿಲಿನ ಬಣ್ಣ ಇರುವುದಿಲ್ಲ, ದೀಪದ ಬಿಳುಪು ಮಾತ್ರ ಇರುತ್ತದೆ. ಹಳದಿ, ತಿಳಿಗುಲಾಬಿಯಂಥ ಬಣ್ಣಗಳು ತಾವೇ ಧಾರಾಳವಾಗಿ ಬೆಳಕು ಕೊಡುವುದರಿಂದ ಅಲ್ಲಿ ಇದು ಕಣ್ಣಿಗೆ ಬೀಳದು. ಮಾಗಿದ ನೇರಳೆ ಹಣ್ಣಿನ ಚಿತ್ರದಲ್ಲಿ ಕತೆ ಬೇರೆ. ಆ ಕಡುಬಣ್ಣ ಹೊರಸೂಸುವ ಬೆಳಕೇ ಅತ್ಯಲ್ಪ. ಅದರ ಮೇಲೆ ಇಷ್ಟು ಬಿಳುಪು ಸೇರಿದರೂ ಹಣ್ಣು ಬೂದಿ ಬಳಿದಂತೆ ಕಾಣುತ್ತದೆ. ಹೊಳಪಿನಿಂದ ಮೊದಲು ಕೆಡುವುದು ಕಡುಬಣ್ಣಗಳೇ ಎಂಬುದನ್ನು ನೆನಪಿಟ್ಟರೆ ಎಚ್ಚರ ಎಲ್ಲಿ ಬೇಕು ಎಂಬುದು ತಿಳಿಯುತ್ತದೆ.

ಮೇಣ ಕಡಿಮೆ ಮಾಡಿ ಜೇಡಿ ಹೆಚ್ಚಿಸಿದ ಕಡ್ಡಿ ಹೊಳೆಯುವುದಿಲ್ಲ, ನಿಜ. ಆದರೆ ಜೇಡಿಯೂ ಟಾಲ್ಕೂ ಬಿಳಿ ಪುಡಿಗಳು. ಅವು ಹೆಚ್ಚಾದಷ್ಟೂ ಬಣ್ಣ ಸಪ್ಪೆಯಾಗುತ್ತದೆ. ಅಗ್ಗದ ಶಾಲಾ ಪೆನ್ಸಿಲುಗಳ ಸುಣ್ಣದಂಥ ಬಣ್ಣಕ್ಕೆ ಬಹುಮಟ್ಟಿಗೆ ಇದೇ ಕಾರಣ. ಹಾಗಾಗಿ ಹೊಳಪಿಲ್ಲದ ಕಡ್ಡಿಯನ್ನು ಹುಡುಕುವುದಕ್ಕಿಂತ ಬಣ್ಣದ ಪುಡಿ ಸಮೃದ್ಧವಾಗಿರುವ ಕಡ್ಡಿಯನ್ನು ಆರಿಸುವುದು ಲೇಸು. ಅಂಥ ಕಡ್ಡಿಯನ್ನು ಹಗುರವಾಗಿ ಆಡಿಸಿದರೂ ಗಾಢ ಬಣ್ಣ ಬರುತ್ತದೆ, ಒತ್ತುವ ಅಗತ್ಯವೇ ಬೀಳದು. ಎಣ್ಣೆ ಆಧಾರಿತ ಪಾಲಿಕ್ರೋಮೋಸ್‌ನಂಥ ಗಟ್ಟಿ ಕಡ್ಡಿಗಳು ಪ್ರಿಸ್ಮಾಕಲರ್‌ನಂಥ ಮೃದುವಾದ ಮೇಣದ ಕಡ್ಡಿಗಳಿಗಿಂತ ತೆಳುವಾಗಿ ಕೂರುತ್ತವೆ. ಕಡುಬಣ್ಣದ ತಳಪದರಕ್ಕೆ ಮೊದಲನೆಯವೇ ವಾಸಿ.

ಹೊಳಪಿನ ದೊಡ್ಡ ಪಾಲು ಕೈಯ ಒತ್ತಡದ್ದು. ಕಾಗದದ ಮೈ ತರಿತರಿಯಾಗಿರುತ್ತದೆ. ಆ ತರಿ ಉಳಿದಿರುವವರೆಗೆ ಬೆಳಕು ಎಲ್ಲ ದಿಕ್ಕಿಗೂ ಚೆದುರಿ ಹೋಗುತ್ತದೆ. ಬಲವಾಗಿ ಉಜ್ಜಿದಾಗ ತರಿ ಮಲಗುತ್ತದೆ, ಹಳ್ಳಗಳಲ್ಲಿ ಮೇಣ ತುಂಬುತ್ತದೆ, ಮೈ ಗಾರೆ ನೆಲದ ಹಾಗೆ ಪಾಲಿಶ್ ಆಗುತ್ತದೆ. ಬಿಳಿ ಪೆನ್ಸಿಲಿನಿಂದಲೋ ಬಣ್ಣವಿಲ್ಲದ ಬ್ಲೆಂಡರ್ ಕಡ್ಡಿಯಿಂದಲೋ ಉಜ್ಜಿ ನುಣುಪು ಮಾಡುವುದು ಅನೇಕರ ರೂಢಿ. ಬ್ಲೆಂಡರ್ ಕಡ್ಡಿ ಎಂದರೆ ಹೆಚ್ಚುಕಡಿಮೆ ಬರಿಯ ಮೇಣವೇ. ಕಾಗದದ ಬಿಳಿ ಚುಕ್ಕೆಗಳನ್ನು ಮುಚ್ಚಬೇಕಿದ್ದರೆ ಕುಂಚದ ತುದಿಗೆ ವಾಸನೆಯಿಲ್ಲದ ಮಿನರಲ್ ಸ್ಪಿರಿಟ್ ಒಂದಿಷ್ಟು ತಾಗಿಸಿ, ಗಾಳಿ ಓಡಾಡುವ ಕೋಣೆಯಲ್ಲಿ, ತೆಳುಪದರದ ಮೇಲೆ ಆಡಿಸಬಹುದು. ಮೇಣ ಕರಗಿ ಬಣ್ಣ ಹಳ್ಳಗಳಿಗೆ ಇಳಿಯುತ್ತದೆ, ತರಿ ನಜ್ಜುಗುಜ್ಜಾಗುವುದಿಲ್ಲ. ಈ ಲೇಖಕನ ಅನುಭವದಲ್ಲಿ ಬೇರಾವ ಉಪಾಯವೂ ಇದರಷ್ಟು ಫಲ ಕೊಟ್ಟಿಲ್ಲ.

ನೆರಳಿಗೆಂದು ಸಾದಾ ಪೆನ್ಸಿಲಿನ ಗ್ರಾಫೈಟ್ ಬೆರೆಸುವುದನ್ನಂತೂ ಬಿಡಲೇಬೇಕು. ಗ್ರಾಫೈಟಿನ ಹರಳುಗಳು ಚಪ್ಪಟೆ ಪದರಗಳಾಗಿ ಕಾಗದದ ಮೇಲೆ ಮಲಗಿ ಲೋಹದಂತೆ ಮಿರುಗುತ್ತವೆ. ಮೇಲೆ ಎಷ್ಟು ಬಣ್ಣ ಹಚ್ಚಿದರೂ ಆ ಮಿರುಗು ಇಣುಕುತ್ತದೆ. ನೇರಳೆ ಹಣ್ಣಿನ ಕಪ್ಪಿಗೆ ಕಡುನೀಲಿ, ಕಡುಗಂದು, ಕಡುಗೆಂಪುಗಳ ತೆಳುಪದರ ಒಂದರ ಮೇಲೊಂದು ಬಂದರೆ ಸಾಕು. ಬರಿಯ ಕಪ್ಪು ಪೆನ್ಸಿಲಿಗಿಂತ ಅದು ಆಳವಾಗಿ ಕಾಣುತ್ತದೆ. ಹಣ್ಣಿನ ಮೇಲಿನ ನಿಜವಾದ ಹೊಳಪನ್ನು ಕಾಗದದ ಬಿಳಿ ಬಿಟ್ಟು ತೋರಿಸಬೇಕು. ಅದರ ಪಕ್ಕದಲ್ಲೇ ಮೇಣವೂ ಹೊಳೆದರೆ ನೋಡುವವರ ಕಣ್ಣು ಗಲಿಬಿಲಿಗೊಳ್ಳುತ್ತದೆ.

ಚಿತ್ರ ಮುಗಿದ ಮೇಲೆ ಕಾಣಿಸಿಕೊಳ್ಳುವ ಇನ್ನೊಂದು ತೊಂದರೆ ಬಿಳಿ ಮಬ್ಬು. ದಪ್ಪಗೆ ಹಚ್ಚಿದ ಕಡೆ ಮೇಣದ ಅಂಶ ಕ್ರಮೇಣ ಮೇಲಕ್ಕೆ ಬಂದು ಪೊರೆಗಟ್ಟುತ್ತದೆ. ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಒರೆಸಿದ ಮೇಲೆ ಫಿಕ್ಸೇಟಿವ್ ಸಿಂಪಡಿಸಿದರೆ ಮತ್ತೆ ಬರುವುದು ತಪ್ಪುತ್ತದೆ.

ಸ್ಪ್ರೇ ಆರಿಸುವಾಗ ಒಂದು ಸೂಕ್ಷ್ಮವಿದೆ. ಮ್ಯಾಟ್ ಸ್ಪ್ರೇ ಹೊಳಪನ್ನು ನಾಶ ಮಾಡುವುದಿಲ್ಲ, ಎಲ್ಲ ದಿಕ್ಕಿಗೂ ಹಂಚುತ್ತದೆ. ಒಂದು ಕೋನದಲ್ಲಿ ಕಣ್ಣು ಕುಕ್ಕುತ್ತಿದ್ದ ಬಿಳುಪು ಈಗ ಪ್ರತಿ ಕೋನದಲ್ಲೂ ತುಸು ಇರುತ್ತದೆ, ಕಪ್ಪು ಕೊಂಚ ತಿಳಿಯಾಗುತ್ತದೆ. ಹೊಳಪಿನ ಮೈಗೆ ಸರಿಯಾದ ಕೋನದಿಂದ ಬೆಳಕು ಬಿದ್ದರೆ ಕಪ್ಪು ಇನ್ನೂ ಆಳವಾಗಿಯೇ ತೋರುತ್ತದೆ. ಆದ್ದರಿಂದ ಹೊಳಪನ್ನು ಪೂರ್ತಿ ಅಳಿಸುವ ಹಟ ಬೇಡ. ಅದು ತೇಪೆತೇಪೆಯಾಗಿರದೆ ಚಿತ್ರದುದ್ದಕ್ಕೂ ಒಂದೇ ಸಮನಾಗಿರುವುದು ಮುಖ್ಯ. ಒಂದೆರಡು ತೆಳುವಾದ ಸಿಂಪಡಿಕೆ ಇದಕ್ಕೆ ಸಾಕಾಗುತ್ತದೆ.

ಫೋಟೋ ತೆಗೆಯುವಾಗ ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಎರಡೂ ಬದಿಯಿಂದ 45 ಡಿಗ್ರಿ ಓರೆಯಲ್ಲಿ ದೀಪ ಇಡುವುದು ವಾಡಿಕೆ. ಅದೂ ಸಾಲದಿದ್ದರೆ ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರ್ ಹಾಕಿ, ಫಿಲ್ಟರನ್ನು ಹಾಳೆಯ ದಿಕ್ಕಿಗೆ ಅಡ್ಡವಾಗುವವರೆಗೆ ತಿರುಗಿಸಬೇಕು. ಮೇಣದ ಮೈಯಿಂದ ಪುಟಿದ ಬೆಳಕು ದೀಪದ ಪೋಲರೀಕರಣವನ್ನು ಉಳಿಸಿಕೊಂಡಿರುವುದರಿಂದ ಫಿಲ್ಟರಿನಲ್ಲಿ ತಡೆಯಲ್ಪಡುತ್ತದೆ. ಬಣ್ಣದೊಳಗೆ ಹೊಕ್ಕು ಚೆದುರಿ ಬಂದ ಬೆಳಕು ಅದನ್ನು ಕಳೆದುಕೊಂಡಿರುತ್ತದೆ, ಅದರಲ್ಲಿ ಅರ್ಧದಷ್ಟು ದಾಟಿ ಬರುತ್ತದೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಪ್ರತಿಫಲನ ತಗ್ಗಿಸುವ ಲೇಪನದ ಗಾಜು ಒಳ್ಳೆಯದು. ಗಾಜು ಯಾವುದೇ ಆದರೂ ಮೇಣಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡಿನ ಅಂತರ ಇರಬೇಕು. ಚಿತ್ರ ಕಿಟಕಿಗೆ ಎದುರಾಗದೆ ಪಕ್ಕದ ಗೋಡೆಯಲ್ಲಿರಬೇಕು.